ನಮ್ಮ ಹೆದ್ದಾರಿಯ ನಕ್ಷೆ ನಮ್ಮ ನುಡಿಯಲ್ಲಿ ಎಲ್ಲಿ ಸಿಗುತ್ತೆ ಸ್ವಾಮಿ?

ಕನ್ನಡದ ಯುವ ಬಂಧುಗಳೇ,

ನಿಮಗೊಂದು ಸಣ್ಣ ಪರೀಕ್ಷೆ. ನಾಳೆ ಬೆಳಗಿನ ಜಾವ ಬೈಕ್ ಹತ್ತಿ ಬೆಂಗಳೂರಿನಿಂದ ಬೀದರ್‌ಗೆ ಹೊರಡುತ್ತೀರಿ ಅಂತಿಟ್ಟುಕೊಳ್ಳಿ. ಕೈಯಲ್ಲೊಂದು ರಸ್ತೆ ನಕ್ಷೆ ಬೇಕು. ಕರ್ನಾಟಕ ಸರ್ಕಾರ ತಾನೇ ಹೊಣೆ ಹೊತ್ತು, ಇಂಥ ವರ್ಷದ್ದು ಎಂದು ದಿನಾಂಕ ಹಾಕಿ, ಕನ್ನಡದಲ್ಲಿ ಅಚ್ಚು ಹಾಕಿಸಿದ ರಾಜ್ಯ ಹೆದ್ದಾರಿ ನಕ್ಷೆ. ಅದನ್ನು ಎಲ್ಲಿ ಕೊಳ್ಳುತ್ತೀರಿ? ಯಾವ ಕಚೇರಿ? ಯಾವ ಕಿಟಕಿ? ಬೆಲೆ ಎಷ್ಟು?

ಉತ್ತರ ಹೊಳೆಯಲಿಲ್ಲ ಅಲ್ಲವೇ? ನೀವು ನಾಚಿಕೊಳ್ಳಬೇಡಿ. ನಾಚಿಕೊಳ್ಳಬೇಕಾದವರು ಬೇರೆ ಇದ್ದಾರೆ. ಅವರು ಸರ್ಕಾರಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಓಡಾಡುತ್ತಾರೆ. ದಾರಿ ಡ್ರೈವರಿಗೆ ಗೊತ್ತಿರುತ್ತದೆ, ಸಾಹೇಬರಿಗೆ ನಕ್ಷೆ ಯಾಕೆ?

ನಾವು ನಾಮಫಲಕಕ್ಕಾಗಿ ಬೀದಿಗಿಳಿದವರು. 2017ರಲ್ಲಿ ನಮ್ಮ ಮೆಟ್ರೊ ನಿಲ್ದಾಣಗಳಿಂದ ಹಿಂದಿ ಫಲಕ ಇಳಿಯುವವರೆಗೆ ಕನ್ನಡಿಗರು ಸುಮ್ಮನಾಗಲಿಲ್ಲ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಕೂಗೆದ್ದ ಮೇಲೆ 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಅಂಗಡಿ ಫಲಕದಲ್ಲಿ ಶೇಕಡಾ 60 ಭಾಗ ಕನ್ನಡ ಇರಬೇಕೆಂದಾಯಿತು. ಸಂತೋಷ. ಆದರೆ ಅಂಗಡಿಯ ಫಲಕ ಹೇಳುವುದು ಒಂದು ಅಂಗಡಿಯ ಹೆಸರನ್ನು. ನಕ್ಷೆ ಹೇಳುವುದು ನಾಡಿನ ಸಾವಿರಾರು ಊರುಗಳ ಹೆಸರನ್ನು. ಆ ದೊಡ್ಡ ಫಲಕ ಯಾವ ಭಾಷೆಯಲ್ಲಿದೆ ಎಂದು ನಾವು ಯಾವತ್ತಾದರೂ ಕೇಳಿದ್ದೇವೆಯೇ?

ಕೇಳಿಲ್ಲ. ಈಗ ಕೇಳೋಣ.

ಎಲ್ಲಿ ಏನು ಸಿಗುತ್ತದೆ?

ಬೈಯುವ ಮುನ್ನ ಇರುವುದನ್ನು ಹೇಳಿಬಿಡುತ್ತೇನೆ. ಬೇಕಾದವರು ಹೋಗಿ ತೆಗೆದುಕೊಳ್ಳಬಹುದು.

ಮೊದಲನೆಯದು ಸರ್ವೆ ಆಫ್ ಇಂಡಿಯಾ. 1767ರಲ್ಲಿ ಹುಟ್ಟಿದ ಸಂಸ್ಥೆ, ತಲೆಕಚೇರಿ ಡೆಹ್ರಾಡೂನಿನಲ್ಲಿ. ಬೆಂಗಳೂರಿನ ಕೋರಮಂಗಲದಲ್ಲಿ, ಸರ್ಜಾಪುರ ರಸ್ತೆಯಲ್ಲಿ ಇವರ ಕಚೇರಿ ಇದೆ. 2005ರ ರಾಷ್ಟ್ರೀಯ ನಕ್ಷಾ ನೀತಿ ಬಂದ ಮೇಲೆ ಇವರ ನಕ್ಷೆಗಳು ಎರಡು ಜಾತಿ: ಸೈನ್ಯಕ್ಕೆ ಒಂದು, ಸಾರ್ವಜನಿಕರಿಗೆ ಒಂದು. ಅದಕ್ಕೆ ಮುಂಚೆ ಸಮುದ್ರತೀರದಿಂದ ಸುಮಾರು 80 ಕಿಲೋಮೀಟರ್ ಒಳಗಿನ ವಿವರವಾದ ನಕ್ಷೆಗಳಿಗೆ ನಿರ್ಬಂಧವಿತ್ತು. ಅಂದರೆ ಕಾರವಾರದವನಿಗೆ, ಉಡುಪಿಯವನಿಗೆ, ಮಂಗಳೂರಿನವನಿಗೆ ತನ್ನ ಊರಿನ ನಕ್ಷೆಯೇ ಸುಲಭಕ್ಕೆ ಸಿಗುತ್ತಿರಲಿಲ್ಲ! ಈಗ ಆ ಕಾಟ ತಪ್ಪಿದೆ. ಸಾರ್ವಜನಿಕ ಸರಣಿಯ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಹಳ್ಳ, ಗುಡ್ಡ, ಕಾಲುದಾರಿ, ಗುಡಿ, ಕೆರೆ ಎಲ್ಲ ಅದರಲ್ಲಿ ಕಾಣುತ್ತವೆ. ಚಾರಣದ ಹುಡುಗರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಇಲ್ಲ.

2017ರಲ್ಲಿ ಸಂಸ್ಥೆಗೆ 250 ವರ್ಷ ತುಂಬಿದಾಗ ಇದೇ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಉಚಿತವಾಗಿ ಇಳಿಸಿಕೊಳ್ಳಲು ಒಂದು ತಾಣ ತೆರೆದರು. ಅದರ ಹೆಸರು 'ನಕ್ಷೆ'. ಕೇಳಿದರೆ ಕನ್ನಡವೇ ಅನ್ನಿಸುತ್ತದೆ, ಅಲ್ಲವೇ? ಮೋಸ ಹೋಗಬೇಡಿ. ಅದು ಹಿಂದಿಯ 'ನಕ್ಷೆ'. ಕರ್ನಾಟಕದ ಹಾಳೆ ಇಳಿಸಿಕೊಂಡು ಬಿಡಿಸಿ ನೋಡಿದರೆ ಊರಿನ ಹೆಸರೆಲ್ಲ ಇಂಗ್ಲಿಷಿನಲ್ಲಿ.

ಎರಡನೆಯದು ನಮ್ಮದೇ ಲೋಕೋಪಯೋಗಿ ಇಲಾಖೆ. ರಾಜ್ಯ ಹೆದ್ದಾರಿಯ, ಜಿಲ್ಲಾ ಮುಖ್ಯ ರಸ್ತೆಯ ಯಜಮಾನರು ಇವರು. ಯಾವ ರಸ್ತೆಗೆ ಯಾವ ಸಂಖ್ಯೆ, ಎಲ್ಲಿ ಶುರು, ಎಲ್ಲಿ ಮುಗಿಯುತ್ತದೆ ಎಂಬುದರ ಲೆಕ್ಕ ಇವರ ಬಳಿ ಇರುತ್ತದೆ. ಆದರೆ ಅದು ಇಂಜಿನಿಯರರ ಮೇಜಿಗೆ ಮಾಡಿಕೊಂಡ ಲೆಕ್ಕ. ದಾರಿಹೋಕನಿಗೆ ಅಂತ ಮಾಡಿದ್ದಲ್ಲ.

ಮೂರನೆಯದು ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ. ಉಪಗ್ರಹ ಚಿತ್ರ ಇಟ್ಟುಕೊಂಡು ನಕ್ಷೆ ಮಾಡುವ ರಾಜ್ಯ ಸರ್ಕಾರದ ಸಂಸ್ಥೆ. ನಿಂತ ಜಾಗದ ಸರ್ವೆ ನಂಬರ್ ತೋರಿಸುವ 'ದಿಶಾಂಕ್' ಆ್ಯಪ್‌ನ ಹಿಂದೆ ಇರುವುದು ಇವರ ಕೆಲಸವೇ. ಜಮೀನು ವ್ಯವಹಾರ ಮಾಡುವವರೆಲ್ಲ ಇದನ್ನು ಬಲ್ಲರು.

ನಾಲ್ಕನೆಯದು ಭೂಮಾಪನ ಮತ್ತು ಭೂದಾಖಲೆಗಳ ಇಲಾಖೆ. ಇದನ್ನು ಗಮನವಿಟ್ಟು ಓದಿ. ಈ ಇಲಾಖೆ ನಮ್ಮ ಹಳ್ಳಿಗಳ ಗ್ರಾಮ ನಕ್ಷೆಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳುವ ಹಾಗೆ ಇಟ್ಟಿದೆ. ಆ ನಕ್ಷೆಗಳಲ್ಲಿ ಬಂಡಿದಾರಿ, ಹಳ್ಳ, ಗುಡಿ, ಗಡಿಗ್ರಾಮ ಎಲ್ಲ ಕನ್ನಡದಲ್ಲಿ ಬರೆದದ್ದನ್ನು ನೋಡಬಹುದು! ಕಂದಾಯ ವಸೂಲಿಗೆ ಬೇಕಾದಾಗ ಸರ್ಕಾರಕ್ಕೆ ಕನ್ನಡದಲ್ಲಿ ನಕ್ಷೆ ಬರೆಯಲು ಬಂತು. ಪ್ರಜೆ ಊರಿಗೆ ಹೋಗಬೇಕೆಂದಾಗ ಯಾಕೆ ಬರುವುದಿಲ್ಲ?

ಐದನೆಯದು ಪ್ರವಾಸೋದ್ಯಮದ ಕೌಂಟರುಗಳು. ಇಲ್ಲಿ ಸಿಗುವುದು ಬಣ್ಣದ ಚಿತ್ರಗಳಿರುವ ಮಡಿಕೆ ಹಾಳೆ. ಹುಲಿ, ಜಲಪಾತ, ಗೊಮ್ಮಟ ಎಲ್ಲ ಚೆನ್ನಾಗಿರುತ್ತವೆ. ನಡುವೆ ಬೆರಳಗಲದ ಒಂದು ಕರ್ನಾಟಕ. ಅದನ್ನು ಹಿಡಿದು ಹೊರಟರೆ ನಿಮ್ಮನ್ನು ದೇವರೇ ಕಾಪಾಡಬೇಕು. ಇಂಥ ಒಂದು ಕೌಂಟರಿನಲ್ಲಿ ನಾನು ಕನ್ನಡದ ರಸ್ತೆ ನಕ್ಷೆ ಕೇಳಿದೆ. ಒಳಗಿದ್ದ ಮಹಾಶಯ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಕನ್ನಡದಲ್ಲಿ ಯಾರೂ ಕೇಳೋದಿಲ್ಲ ಸಾರ್" ಅಂದ. "ನಾನು ಈಗ ಕೇಳಿದೆನಲ್ಲ" ಅಂದೆ. ನಕ್ಕು ಇಂಗ್ಲಿಷಿನ ಹೋಟೆಲ್ ಪಟ್ಟಿ ಕೊಟ್ಟ.

ಇನ್ನು ಪುಸ್ತಕದಂಗಡಿಗಳು. ಚೆನ್ನೈನ ಟಿಟಿಕೆಯವರ ಕರ್ನಾಟಕ ರಸ್ತೆ ನಕ್ಷೆಯನ್ನು ಹಿಂದೆ ಎಷ್ಟೋ ಕಾರಿನವರು ಇಟ್ಟುಕೊಂಡಿರುತ್ತಿದ್ದರು. ಖಾಸಗಿಯವರು ಮಾಡಿದರು, ಮಾರಿದರು, ಒಳ್ಳೆಯದೇ ಆಯಿತು. ಅವರನ್ನು ದೂರುವುದಕ್ಕೆ ಏನೂ ಇಲ್ಲ. ದೂರು ಇರುವುದು ನಮ್ಮ ಸರ್ಕಾರದ ಮೇಲೆ. ಐದು ಕಡೆ ಐದು ತುಂಡು ಇವೆ. ಆ ತುಂಡುಗಳನ್ನು ಜೋಡಿಸಿ, ಕನ್ನಡದಲ್ಲಿ ಬರೆದು, ಇಂಥ ಕಿಟಕಿಯಲ್ಲಿ ಇಷ್ಟು ದುಡ್ಡಿಗೆ ತೆಗೆದುಕೊಳ್ಳಪ್ಪಾ ಎಂದು ಹೇಳುವ ಒಬ್ಬನೇ ಒಬ್ಬ ಅಧಿಕಾರಿ ನನಗೆ ಸಿಗಲಿಲ್ಲ.

"ಫೋನಿದೆಯಲ್ಲ ಅಣ್ಣಾ!"

ನೀವು ಹೀಗೆ ಹೇಳುತ್ತೀರಿ ಅಂತ ಗೊತ್ತು. ನನ್ನ ಪ್ರೆಸ್ಸಿನ ಹುಡುಗರೂ ಹೀಗೇ ಹೇಳುತ್ತಾರೆ. ಫೋನ್ ನನ್ನ ಹತ್ತಿರವೂ ಇದೆ, ನಾನೂ ಬಳಸುತ್ತೇನೆ. ಆದರೆ ಮೂರು ಮಾತು ಕೇಳಿ.

ಒಂದು. ಚಾರ್ಮಾಡಿ ಘಾಟಿಯಲ್ಲಿ, ಆಗುಂಬೆಯಲ್ಲಿ, ಕುದುರೆಮುಖದ ಕಾಡಿನಲ್ಲಿ ಸಿಗ್ನಲ್ ನಿಮ್ಮ ಮಾತು ಕೇಳುವುದಿಲ್ಲ. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಇದ್ದ ದಾರಿಯೇ ಇರುವುದಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ-ಸಂಪಾಜೆ ರಸ್ತೆ ಹೇಗೆ ಕೊಚ್ಚಿಹೋಯಿತೆಂದು ನೆನಪಿಸಿಕೊಳ್ಳಿ. ಅಂಥ ಹೊತ್ತಿನಲ್ಲಿ ಇಡೀ ಸೀಮೆಯನ್ನು ಒಂದೇ ನೋಟಕ್ಕೆ ತೋರಿಸಿ, ಇದು ಮುಚ್ಚಿದರೆ ಅದು ಎಂದು ಹೇಳಲು ಕಾಗದದ ನಕ್ಷೆಯೇ ಬೇಕು. ಅಂಗೈಯಗಲದ ಗಾಜಿನಲ್ಲಿ ಒಂದು ತಿರುವು ಕಾಣುತ್ತದೆ, ನಾಡು ಕಾಣುವುದಿಲ್ಲ.

ಎರಡು. ಸರ್ಕಾರಿ ನಕ್ಷೆಯಲ್ಲಿ ಹೊಣೆ ಇರುತ್ತದೆ. ಬಂಡೀಪುರದ ಕಾಡಿನ ಮೂಲಕ ಕೇರಳಕ್ಕೂ ಊಟಿಗೂ ಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಇದು ಆ ರಸ್ತೆಯ ಪಕ್ಕದಲ್ಲೇ ಕೆಂಪಕ್ಷರದಲ್ಲಿ ಅಚ್ಚಾಗಬೇಕಾದ ಮಾತು. ಗೊತ್ತಿಲ್ಲದೆ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ರಾತ್ರಿ ಹತ್ತಕ್ಕೆ ಗೇಟಿನ ಮುಂದೆ ನಿಂತವನು ಯಾರನ್ನು ಕೇಳಬೇಕು?

ಮೂರು. ಇದು ನಮ್ಮ ಪತ್ರಿಕೆಯ ಮಾತು. ಫೋನಿನ ಕನ್ನಡ ಎಲ್ಲಿಂದ ಬಂತು ಗೊತ್ತೇ? ಗೂಗಲ್ ನಕ್ಷೆ 2021ರ ಜನವರಿಯಲ್ಲಿ ಕನ್ನಡವೂ ಸೇರಿದಂತೆ ಭಾರತದ 10 ಭಾಷೆಗಳಲ್ಲಿ ಸ್ಥಳಗಳ ಹೆಸರನ್ನು ಯಂತ್ರದ ಮೂಲಕವೇ ಲಿಪಿ ಬದಲಿಸಿ ತೋರಿಸಲು ಶುರುಮಾಡಿತು. ಏನೂ ಇಲ್ಲದ ಕಡೆ ಇಷ್ಟಾದರೂ ಬಂತು, ಒಪ್ಪೋಣ. ಆದರೆ ಯಂತ್ರಕ್ಕೆ ಮೂಲ ಯಾವುದು? ಇಂಗ್ಲಿಷ್ ಅಕ್ಷರ. ಕನ್ನಡದ ಊರು ಮೊದಲು ಇಂಗ್ಲಿಷಿಗೆ ಹೋಯಿತು, ಅಲ್ಲಿ ಕೈಕಾಲು ಮುರಿದುಕೊಂಡು ಮತ್ತೆ ಕನ್ನಡಕ್ಕೆ ಬಂತು!

ಬೇಲೂರೋ ಬೆಳ್ಳೂರೋ?

ಇದು ಬರಿಯ ಅಭಿಮಾನದ ಮಾತು ಎಂದುಕೊಳ್ಳಬೇಡಿ. ಹೊಟ್ಟೆಪಾಡಿನ ಮಾತೂ ಹೌದು.

ಬೆಂಗಳೂರಿನಿಂದ ಹಾಸನದ ಕಡೆ ಹೋಗುವ ಹೆದ್ದಾರಿಯಲ್ಲಿ ಬೆಳ್ಳೂರು ಕ್ರಾಸ್ ಸಿಗುತ್ತದೆ. ನಾಗಮಂಗಲಕ್ಕೆ ತಿರುಗುವ ಜಾಗ. ಅದೇ ಹೆದ್ದಾರಿಯಲ್ಲಿ ಮುಂದೆ ಹೋಗಿ ಹಾಸನ ತಲುಪಿದರೆ ಅಲ್ಲಿಂದ ಬೇಲೂರಿಗೆ ದಾರಿ, ಹೊಯ್ಸಳರ ಚೆನ್ನಕೇಶವನ ಊರು. ಕನ್ನಡದಲ್ಲಿ ಬೆಳ್ಳೂರು, ಬೇಲೂರು ಎರಡೂ ಬೇರೆ ಬೇರೆ. ಮೂರನೇ ತರಗತಿಯ ಮಗುವೂ ಗುರುತಿಸುತ್ತದೆ. ಇಂಗ್ಲಿಷಿನಲ್ಲಿ? ಒಂದು 'ಎಲ್' ಹೆಚ್ಚುಕಡಿಮೆ, ಅಷ್ಟೇ. ಬೆರಳಚ್ಚಿನವನ ಕೈ ತಪ್ಪಿದರೆ ಊರೇ ತಪ್ಪಿತು.

ಕೋಲಾರ ಜಿಲ್ಲೆಯಲ್ಲಿ ಮಾಲೂರು. ಚನ್ನಪಟ್ಟಣದ ಹತ್ತಿರ ಅಪ್ರಮೇಯಸ್ವಾಮಿಯ ಮಳೂರು. ಬರೆಯುವವನ ಮರ್ಜಿ ಹೇಗಿದೆಯೋ ಹಾಗೆ, ಎರಡಕ್ಕೂ ಅದೇ ಐದು ಇಂಗ್ಲಿಷ್ ಅಕ್ಷರ ಬೀಳಬಹುದು. ಚಿಕ್ಕಮಗಳೂರು ಜಿಲ್ಲೆಯ ಕಳಸ ಇಂಗ್ಲಿಷಿನಿಂದ ಮರಳಿ ಬಂದರೆ 'ಕಲಸ' ಆಗುತ್ತದೆ. ದೇವಸ್ಥಾನದ ಕಳಸ ಹೋಗಿ ಸಾರು ಅನ್ನ ಕಲಸುವ ಕಲಸ! ಗದಗ ಜಿಲ್ಲೆಯ ರೋಣ ಇಂಗ್ಲಿಷಿನ ಮೂರು ಅಕ್ಷರದಲ್ಲಿ 'ರಾನ್' ಆಗಿ ಯಾವುದೋ ದೊರೆಯ ಹೆಸರಿನಂತೆ ಕಾಣುತ್ತದೆ. ಬೀಳಗಿ 'ಬಿಲ್ಗಿ' ಆಗುತ್ತದೆ, ತೇರದಾಳ 'ತೆರ್ದಲ್' ಆಗುತ್ತದೆ, ಅಥಣಿಯ 'ಣ' ಮಾಯವಾಗುತ್ತದೆ.

ನಮ್ಮ 'ಳ' ಇಂಗ್ಲಿಷಿನಲ್ಲಿಲ್ಲ. ನಮ್ಮ 'ಣ' ಇಲ್ಲ. ಎ ಬೇರೆ ಏ ಬೇರೆ, ಒ ಬೇರೆ ಓ ಬೇರೆ ಎಂಬ ಭೇದ ಅದರ ಕಾಗುಣಿತದಲ್ಲಿ ಉಳಿಯುವುದಿಲ್ಲ. ಇದು ಇಂಗ್ಲಿಷಿನ ತಪ್ಪಲ್ಲ. ಆ ಭಾಷೆಗೆ ನಮ್ಮ ಊರಿನ ಹೆಸರು ಹೊರುವ ಕೆಲಸ ಕೊಟ್ಟವರ ತಪ್ಪು.

ಇದರ ಏಟು ಯಾರಿಗೆ ಬೀಳುತ್ತದೆ? ಟೆಂಪೊ ಡ್ರೈವರಿಗೆ. ಸಿಂಧನೂರಿನ ಅಕ್ಕಿ ಮೂಟೆ ಹೇರಿಕೊಂಡು ಮೊದಲ ಸಲ ಮಲೆನಾಡಿಗೆ ಬಂದವನಿಗೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಕನ್ನಡ ಪತ್ರಿಕೆಯನ್ನು ಅಕ್ಷರ ಬಿಡದೆ ಓದುವವನಿಗೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ತಾಯಂದಿರು, ಅಕ್ಕತಂಗಿಯರು ಟಿಕೆಟ್ ದುಡ್ಡಿನ ಚಿಂತೆ ಇಲ್ಲದೆ ಧರ್ಮಸ್ಥಳ, ಸವದತ್ತಿ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದಾರೆ. ಬಸ್ಸಿನ ಬೋರ್ಡು ಕನ್ನಡದಲ್ಲಿದೆ, ಹತ್ತಿಬಿಡುತ್ತಾರೆ. ಆದರೆ ಈ ಊರಿನಿಂದ ಆ ಊರಿಗೆ ಯಾವ ದಾರಿ, ನಡುವೆ ಯಾವ ಕ್ಷೇತ್ರ ಸಿಗುತ್ತದೆ, ಎಲ್ಲಿ ಇಳಿದು ಬಸ್ಸು ಬದಲಿಸಬೇಕು ಎಂದು ತಾವೇ ನೋಡಿಕೊಳ್ಳುವಂಥ ಒಂದು ಹಾಳೆಯನ್ನು ಅವರ ಕೈಗೆ ಯಾರು ಕೊಟ್ಟಿದ್ದಾರೆ? ಬಸ್ಸು ಉಚಿತ, ದಾರಿ ಮಾತ್ರ ಗುಟ್ಟು!

48 ಎಂದರೆ ಯಾವ ರಸ್ತೆ?

ಮನೆಯಲ್ಲಿ ಹಳೆಯ ನಕ್ಷೆ ಇದೆಯಲ್ಲ ಎನ್ನುವವರಿಗೆ ಒಂದು ಎಚ್ಚರಿಕೆ.

2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹೆದ್ದಾರಿಗಳ ಸಂಖ್ಯೆಯನ್ನೆಲ್ಲ ಬದಲಿಸಿತು. ಅದಕ್ಕೆ ಮುಂಚೆ 48 ಎಂದರೆ ಬೆಂಗಳೂರು-ಹಾಸನ-ಮಂಗಳೂರು ರಸ್ತೆ. ಈಗ ಆ ರಸ್ತೆ 75. ಈಗ 48 ಎಂದರೆ ಬೆಂಗಳೂರಿನಿಂದ ತುಮಕೂರು, ಚಿತ್ರದುರ್ಗ, ಹುಬ್ಬಳ್ಳಿ, ಬೆಳಗಾವಿ ಮೇಲೆ ಪುಣೆಗೆ ಹೋಗುವ ರಸ್ತೆ. ನಮ್ಮ ಅಪ್ಪಂದಿರ ಬಾಯಲ್ಲಿ ಅದು 'ಎನ್‌ಎಚ್ 4'. ನೆಲಮಂಗಲದಲ್ಲಿ ಎರಡು ದಾರಿಯೂ ಕವಲೊಡೆಯುತ್ತವೆ. ಹಳೆಯ ನಕ್ಷೆ ಹಿಡಿದು 48ನೇ ಹೆದ್ದಾರಿಯ ಬೋರ್ಡು ನೋಡಿಕೊಂಡು ಹೊರಟವನು ಮಂಗಳೂರಿಗೆ ಹೋಗುವ ಬದಲು ತುಮಕೂರಿನಲ್ಲಿ ತಟ್ಟೆ ಇಡ್ಲಿ ತಿನ್ನುತ್ತಿರುತ್ತಾನೆ.

ಹಾಗೆಯೇ 67. ಹಿಂದೆ ಗುಂಡ್ಲುಪೇಟೆಯಿಂದ ಬಂಡೀಪುರದ ಮೂಲಕ ಊಟಿಗೆ ಹೋಗುವ ದಾರಿ. ಈಗ ಹುಬ್ಬಳ್ಳಿ-ಗದಗ-ಕೊಪ್ಪಳ-ಬಳ್ಳಾರಿ ದಾರಿ. ಕರಾವಳಿಯ 17 ಈಗ 66. ಬಾಗೇಪಲ್ಲಿ ಕಡೆಯಿಂದ ಬರುವ 7 ಈಗ 44. ಮೈಸೂರು ರಸ್ತೆ ರಾಜ್ಯ ಹೆದ್ದಾರಿ 17 ಆಗಿದ್ದದ್ದು ರಾಷ್ಟ್ರೀಯ ಹೆದ್ದಾರಿ 275 ಆಗಿ, 2023ರ ಮಾರ್ಚಿನಲ್ಲಿ ಹೊಸ ಎಕ್ಸ್‌ಪ್ರೆಸ್‌ ದಾರಿಯೂ ಉದ್ಘಾಟನೆಯಾಯಿತು.

ಊರಿನ ಹೆಸರೂ ಬದಲಾಗಿದೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ, ವಿಜಯಪುರ ಸೇರಿ 12 ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಕ್ಕೆ ಬಂದವು. ಎಷ್ಟು ವರ್ಷದ ಹೋರಾಟ ಅದು! 2021ರಲ್ಲಿ ವಿಜಯನಗರ ರಾಜ್ಯದ 31ನೇ ಜಿಲ್ಲೆಯಾಯಿತು. ಇಷ್ಟೆಲ್ಲ ಬದಲಾದ ಮೇಲೂ ಹೊಸ ನಕ್ಷೆಯನ್ನು ಜನರ ಕೈಗೆ ಕೊಡದಿದ್ದರೆ ಹೆಸರು ಬದಲಿಸಿದ್ದು ಗೆಜೆಟ್ಟಿನಲ್ಲಿ ಕೊಳೆಯುತ್ತದೆ. ನಾಲಿಗೆಗೂ ಕಣ್ಣಿಗೂ ಇಳಿಯುವುದಿಲ್ಲ.

ರಸ್ತೆ ಬದಿಯ ಕಿಲೋಮೀಟರ್ ಕಲ್ಲನ್ನು ನೋಡಿದ್ದೀರಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಬಣ್ಣವಿದ್ದರೆ ಹಳ್ಳಿ ರಸ್ತೆ. ಇಷ್ಟು ಸರಳ ವಿಷಯವನ್ನು ಕೂಡ ನಮ್ಮ ಮಕ್ಕಳಿಗೆ ಹೇಳಿಕೊಡುವ ಒಂದು ಹಾಳೆ ಸರ್ಕಾರದಿಂದ ಬರಲಿಲ್ಲ.

ದುಡ್ಡಿಲ್ಲವೇ? ಕಾಗದವಿಲ್ಲವೇ? ಅಕ್ಷರವಿಲ್ಲವೇ?

ಇಲ್ಲಿ ನಾನು ನನ್ನ ಕಸುಬಿನ ಮಾತು ಆಡಲೇಬೇಕು. ಅಚ್ಚಿನ ಮನೆ ಇಟ್ಟುಕೊಂಡವನು ನಾನು. ಓದಿದ್ದು ಪಿಯುಸಿ. ಆದರೆ ಶಾಯಿ, ಕಾಗದ, ಪ್ಲೇಟಿನ ಲೆಕ್ಕ ಯಾವ ಐಎಎಸ್ ಸಾಹೇಬರಿಗಿಂತ ಚೆನ್ನಾಗಿ ಬಲ್ಲೆ.

ಕರ್ನಾಟಕ ಉತ್ತರದಿಂದ ದಕ್ಷಿಣಕ್ಕೆ ಸುಮಾರು 750 ಕಿಲೋಮೀಟರ್, ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 400. ಒಂದು ಸೆಂಟಿಮೀಟರಿಗೆ ಹತ್ತು ಕಿಲೋಮೀಟರ್ ಲೆಕ್ಕ ಹಿಡಿಯಿರಿ. 75 ಸೆಂಟಿಮೀಟರ್ ಉದ್ದ, 40 ಅಗಲ. ಒಂದೇ ಒಂದು ಡಬಲ್ ಡೆಮಿ ಹಾಳೆಯಲ್ಲಿ ಇಡೀ ನಾಡು ಕೂರುತ್ತದೆ, ಪಕ್ಕದಲ್ಲಿ ದೂರದ ಪಟ್ಟಿ ಹಾಕಲು ಜಾಗವೂ ಉಳಿಯುತ್ತದೆ! ನಾಲ್ಕು ಬಣ್ಣದ ಆಫ್‌ಸೆಟ್. ಹಿಂಬದಿಯಲ್ಲಿ ಜಿಲ್ಲೆಗಳ ವಿವರ, ಘಾಟಿಗಳ ಎಚ್ಚರಿಕೆ, ಆಸ್ಪತ್ರೆ ಮತ್ತು ಪೊಲೀಸ್ ಫೋನ್ ನಂಬರು. ನಾವು ದಿನಾ ಬಳಸುವ ಕಾಗದದ ಹೆಸರೇ ಮ್ಯಾಪ್‌ಲಿಥೊ. ಹೆಸರಿನಲ್ಲೇ ಮ್ಯಾಪ್ ಇದೆ. ಅದರ ಮೇಲೆ ನಾವು ಬಿಲ್ ಬುಕ್ಕು, ಕರಪತ್ರ ಹೊಡೆಯುತ್ತೇವೆ, ಮ್ಯಾಪು ಹೊಡೆಯುವುದಿಲ್ಲ. ಲಕ್ಷ ಪ್ರತಿ ಹಾಕಿಸಿದರೆ ಒಂದು ನಕ್ಷೆಗೆ ಒಂದು ಮಸಾಲೆ ದೋಸೆಯಷ್ಟು ಖರ್ಚೂ ಬರುವುದಿಲ್ಲ. ಮಂತ್ರಿಗಳ ನಗುಮುಖ ಹೊತ್ತ ಪೂರ್ತಿ ಪುಟದ ಜಾಹೀರಾತುಗಳನ್ನು ಒಂದಷ್ಟು ದಿನ ನಿಲ್ಲಿಸಿದರೆ ನಾಡಿಗೆಲ್ಲ ನಕ್ಷೆ ಹಂಚಬಹುದು.

ಕನ್ನಡದಲ್ಲಿ ನಕ್ಷೆ ಬರೆಯಲು ಆಗುವುದಿಲ್ಲ ಎನ್ನುವವರು ನಮ್ಮ ಲಗ್ನಪತ್ರಿಕೆ ನೋಡಲಿ. ಹಿಂಬದಿಯಲ್ಲಿ ಕಲ್ಯಾಣ ಮಂಟಪಕ್ಕೆ ದಾರಿ ಹಾಕಿಕೊಡಿ ಎಂದು ಗಿರಾಕಿಗಳು ಕೇಳುತ್ತಾರೆ. ಆಂಜನೇಯನ ಗುಡಿ, ಪೆಟ್ರೋಲ್ ಬಂಕು, ಸರ್ಕಾರಿ ಶಾಲೆ, ಬಲಕ್ಕೆ ತಿರುಗಿ ಎಂದು ಕನ್ನಡದಲ್ಲೇ ಬರೆದು ಹೊಡೆದುಕೊಡುತ್ತೇವೆ. ಹಳ್ಳಿಯ ಅಜ್ಜಿಯೂ ಅದನ್ನು ಹಿಡಿದು ಮುಹೂರ್ತಕ್ಕೆ ಸರಿಯಾಗಿ ಬಂದು ಅಕ್ಷತೆ ಹಾಕುತ್ತಾಳೆ. ಎರಡು ಬೀದಿಯ ನಕ್ಷೆ ಕನ್ನಡದಲ್ಲಿ ಆಗುತ್ತದೆ ಅಂದಮೇಲೆ ಮೂವತ್ತೊಂದು ಜಿಲ್ಲೆಯದ್ದು ಯಾಕಾಗಬಾರದು?

ಅಕ್ಷರದ ಸಮಸ್ಯೆ ಎಂದು ಹೇಳುವ ಕಾಲವೂ ಮುಗಿಯಿತು. ಒಂದು ಕಾಲದಲ್ಲಿ ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಕೋಳಿ ಕೆದಕಿದಂತೆ ಕಾಣುತ್ತಿತ್ತು, ನಿಜ. ಈಗ ಯೂನಿಕೋಡ್ ಇದೆ. ನಿಮ್ಮ ಜೇಬಿನ ಫೋನಿನಲ್ಲೇ ಕನ್ನಡ ಮೂಡುತ್ತದೆ. ಸರ್ಕಾರದ ಕಂಪ್ಯೂಟರಿನಲ್ಲಿ ಮಾತ್ರ ಮೂಡುವುದಿಲ್ಲವೇ?

ನನ್ನಂಥ ಸಣ್ಣ ಪ್ರೆಸ್ಸಿನವರು ನಾವೇ ನಕ್ಷೆ ಅಚ್ಚು ಹಾಕಿ ಮಾರಬಹುದಲ್ಲ ಎಂದು ಕೇಳಬಹುದು. ಭಾರತದ ಭೂಪಟವನ್ನು ಸರ್ವೆ ಆಫ್ ಇಂಡಿಯಾದ ಭೂಪಟಕ್ಕೆ ಹೊಂದದ ಹಾಗೆ ಪ್ರಕಟಿಸಿದರೆ 6 ತಿಂಗಳವರೆಗೆ ಸಜೆಯಾಗಬಹುದು ಎಂಬ ಕಾನೂನಿದೆ. ದೇಶದ ಗಡಿಯ ವಿಷಯ, ಕಾನೂನು ಇರಲೇಬೇಕು. ಆದರೆ ಅದಕ್ಕೆ ಹೆದರಿ ನಕ್ಷೆಯ ಮೂಲೆಯಲ್ಲಿ ಪುಟ್ಟ ಭಾರತ ಬರೆಯುವುದಕ್ಕೂ ಮುದ್ರಕರ ಕೈ ನಡುಗುತ್ತದೆ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಿಯಮ ಸಡಿಲಿಸಿ, ಭಾರತೀಯರು ಮೊದಲೇ ಅನುಮತಿ ಪಡೆಯದೆ ನಕ್ಷೆ ಮಾಡಬಹುದು ಎಂದಿತು. ಒಳ್ಳೆಯದಾಯಿತು. ಆದರೂ ಮೂಲ ನಕ್ಷೆ, ಊರುಗಳ ಸರಿಯಾದ ಕನ್ನಡ ಕಾಗುಣಿತ ಇವೆರಡನ್ನೂ ಸರ್ಕಾರ ಕೊಟ್ಟರೆ ತಾನೇ ನಾಡಿನ ಅಚ್ಚುಕೂಟಗಳು ಧೈರ್ಯದಿಂದ ಮುಂದೆ ಬರುವುದು?

ಅಳೆದದ್ದು ನಮ್ಮ ನೆಲ, ಬರೆದದ್ದು ಯಾರ ಭಾಷೆ?

ಇತಿಹಾಸ ಗೊತ್ತಿರಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ರಾಜ್ಯ ಕೈಗೆ ಬಂದ ಕೂಡಲೇ ಕಂಪನಿ ಸರ್ಕಾರ ಮಾಡಿದ ಕೆಲಸಗಳಲ್ಲಿ ಒಂದು ಮೈಸೂರು ಸೀಮೆಯ ಅಳತೆ. ಅದರ ಹೊಣೆ ಹೊತ್ತ ಕಾಲಿನ್ ಮೆಕೆಂಜಿಯೇ ಮುಂದೆ 1815ರಲ್ಲಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. 1802ರಲ್ಲಿ ಮದರಾಸಿನಲ್ಲಿ ಶುರುವಾದ ಲ್ಯಾಂಬ್ಟನ್ನನ ಮಹಾ ಅಳತೆಗೂ 1804ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರ ರೇಖೆ ಎಳೆದರು. ಆಳಬೇಕಾದವನು ಮೊದಲು ನಕ್ಷೆ ಮಾಡಿಕೊಳ್ಳುತ್ತಾನೆ, ತನ್ನ ಭಾಷೆಯಲ್ಲಿ ಮಾಡಿಕೊಳ್ಳುತ್ತಾನೆ. ಬ್ರಿಟಿಷರನ್ನು ದೂಷಿಸಿ ಪ್ರಯೋಜನವಿಲ್ಲ, ಅವರ ಕೆಲಸ ಅವರು ಮಾಡಿಕೊಂಡರು.

ಸ್ವಾತಂತ್ರ್ಯ ಬಂದ ಮೇಲೆ? ದೇಶಕ್ಕೊಂದು ರಾಷ್ಟ್ರೀಯ ಭೂಪಟ ಪುಸ್ತಕ ಬೇಕೆಂದು 1956ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಥೆ ಕಟ್ಟಿದರು. 1957ರಲ್ಲಿ ಅದರ ಮೊದಲ ಆವೃತ್ತಿ ಬಂತು. ಯಾವ ಭಾಷೆಯಲ್ಲಿ? ಹಿಂದಿಯಲ್ಲಿ! ದೆಹಲಿಯವರಿಗೆ ಮನಸ್ಸಿದ್ದರೆ ಭಾರತೀಯ ಭಾಷೆಯಲ್ಲಿ ನಕ್ಷೆ ಆಗುತ್ತದೆ ಎಂದು ಅಂದೇ ಗೊತ್ತಾಯಿತು. 1956ರಲ್ಲೇ ಒಂದಾದ ಕನ್ನಡಿಗರು ತಮ್ಮ ಹಾಳೆಯನ್ನು ಇನ್ನೂ ಕೇಳುತ್ತಲೇ ಇಲ್ಲ. 1963ರ ರಾಜಭಾಷಾ ಅಧಿನಿಯಮ ಇದೆ, 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇದೆ. ಕಾನೂನು ಕನ್ನಡದಲ್ಲಿದೆ, ದಾರಿ ಇಂಗ್ಲಿಷಿನಲ್ಲಿದೆ.

ಬೇರೆಯವರನ್ನು ನೋಡಿ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ರಸ್ತೆ ಇಲಾಖೆಯೇ ಅಧಿಕೃತ ಹೆದ್ದಾರಿ ನಕ್ಷೆ ಅಚ್ಚು ಹಾಕಿಸುತ್ತದೆ. ಟೆಕ್ಸಾಸ್, ನಾರ್ತ್ ಕ್ಯಾರೊಲಿನಾದಂಥ ರಾಜ್ಯಗಳಲ್ಲಿ ಹೆದ್ದಾರಿ ಬದಿಯ ಪ್ರವಾಸಿ ಕೇಂದ್ರದಲ್ಲಿ ಕೇಳಿದರೆ ಉಚಿತವಾಗಿ ಕೊಡುತ್ತಾರೆ. ಫೋನ್ ಬಂದ ಮೇಲೆ ಕೆಲವು ರಾಜ್ಯಗಳು ಅಚ್ಚು ಹಾಕುವುದನ್ನು ಕಡಿಮೆ ಮಾಡಿವೆ. ಬ್ರಿಟನ್ನಿನ ವೇಲ್ಸ್ ನಾಡಿಗೆ ಹೋಗಿ. ಅಲ್ಲಿಯ ಸರ್ಕಾರಿ ಸರ್ವೆ ನಕ್ಷೆಗಳಲ್ಲಿ ವೆಲ್ಷ್ ಭಾಷೆಯೂ ಇರುತ್ತದೆ. ನಮಗೆ ಇಂಗ್ಲಿಷ್ ಕಲಿಸಿದ ದೇಶದಲ್ಲೇ ಸಣ್ಣ ನುಡಿಯೊಂದಕ್ಕೆ ಇಷ್ಟು ಮರ್ಯಾದೆ. ಆರು ಕೋಟಿಗೂ ಮೀರಿದ ಜನರ ರಾಜ್ಯಕ್ಕೆ ಇಲ್ಲವೇ?

ನಮ್ಮ ಹಕ್ಕೊತ್ತಾಯ

ನಾವು ಚಂದ್ರನನ್ನು ಕೇಳುತ್ತಿಲ್ಲ. ಇಷ್ಟೇ ಕೇಳುತ್ತಿದ್ದೇವೆ:

1. ಲೋಕೋಪಯೋಗಿ ಇಲಾಖೆಯು ಪ್ರತಿವರ್ಷ ನವೆಂಬರ್ 1ರಂದು ಕನ್ನಡದಲ್ಲಿ ಅಧಿಕೃತ ರಾಜ್ಯ ಹೆದ್ದಾರಿ ನಕ್ಷೆ ಹೊರತರಬೇಕು. ಮೇಲೆ ವರ್ಷ ಇರಬೇಕು.

2. ಅದು ಪ್ರತಿ ತಾಲೂಕಿನ ಬಸ್ ನಿಲ್ದಾಣದಲ್ಲಿ, ಪ್ರವಾಸಿ ಕೌಂಟರಿನಲ್ಲಿ ಅಸಲು ಬೆಲೆಗೆ ಸಿಗಬೇಕು. ಸರ್ಕಾರಿ ಶಾಲೆಗಳಿಗೆ ಪುಕ್ಕಟೆ ಹೋಗಬೇಕು.

3. ಅದೇ ನಕ್ಷೆ ಫೋನಿಗೆ ಇಳಿಸಿಕೊಳ್ಳಲು ಉಚಿತವಾಗಿ ಸಿಗಬೇಕು.

4. ಹಳೆಯ ಹೆದ್ದಾರಿ ಸಂಖ್ಯೆ, ಹೊಸ ಸಂಖ್ಯೆ ಎರಡೂ ಇರಬೇಕು. ರಾತ್ರಿ ಮುಚ್ಚುವ ರಸ್ತೆ, ಮಳೆಗಾಲದಲ್ಲಿ ಅಪಾಯವಿರುವ ಘಾಟಿ ಬೇರೆ ಬಣ್ಣದಲ್ಲಿರಬೇಕು.

5. ಊರುಗಳ ಸರಿಯಾದ ಕನ್ನಡ ಹೆಸರಿನ ಪಟ್ಟಿಯನ್ನು ಗ್ರಾಮ ನಕ್ಷೆಗಳಿಂದ ತೆಗೆದು ಸರ್ಕಾರ ಪ್ರಕಟಿಸಬೇಕು. ಇಂಗ್ಲಿಷ್ ಕಾಗುಣಿತ ಅದನ್ನು ಹಿಂಬಾಲಿಸಬೇಕು.

ನೀವೇನು ಮಾಡಬಹುದು?

ಗೋಕಾಕ್ ಚಳವಳಿಯ ಕಾಲದಲ್ಲಿ, 1982ರಲ್ಲಿ, ನಿಮ್ಮ ವಯಸ್ಸಿನವರು ಬೀದಿಗೆ ಬಂದರು. ಈ ಕೆಲಸಕ್ಕೆ ಅಷ್ಟೂ ಬೇಕಿಲ್ಲ. ಮೊದಲು ಹತ್ತು ರೂಪಾಯಿ ಖರ್ಚು ಮಾಡಿ.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕನ್ನಡದಲ್ಲೇ ಅರ್ಜಿ ಬರೆಯಿರಿ, ಕಾಯ್ದೆಯಲ್ಲೇ ಅದಕ್ಕೆ ಅವಕಾಶವಿದೆ. ಸರ್ಕಾರ ತಾನಾಗಿ ಪ್ರಕಟಿಸುವ ಮಾಹಿತಿಯಲ್ಲಿ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ಅದೇ ಕಾಯ್ದೆಯ 4(4)ನೇ ಕಲಂ ಹೇಳುತ್ತದೆ. ಇದನ್ನು ಬಾಯಿಪಾಠ ಮಾಡಿಟ್ಟುಕೊಳ್ಳಿ. ಲೋಕೋಪಯೋಗಿ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಮೂರು ಪ್ರಶ್ನೆ: ಕನ್ನಡದ ರಾಜ್ಯ ಹೆದ್ದಾರಿ ನಕ್ಷೆ ಇದೆಯೇ? ಇದ್ದರೆ ಯಾವ ವರ್ಷದ್ದು, ಎಲ್ಲಿ ಮಾರಾಟಕ್ಕಿದೆ, ಬೆಲೆ ಎಷ್ಟು? ಇಲ್ಲದಿದ್ದರೆ ಅಚ್ಚು ಹಾಕಿಸುವ ಕಡತ ಯಾವುದಾದರೂ ಇದೆಯೇ? ಮೂವತ್ತು ದಿನದಲ್ಲಿ ಉತ್ತರ ಕೊಡಲೇಬೇಕು. ಒಬ್ಬ ಬರೆದರೆ ಕಡತದಲ್ಲಿ ಒಂದು ಕಾಗದ. ಸಾವಿರ ಜನ ಬರೆದರೆ ಕಡತವೇ ಎದ್ದು ನಡೆಯುತ್ತದೆ.

ಎರಡನೆಯದು, ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಸಾರ್ವಜನಿಕ ನಕ್ಷೆ ಇದೆ. ಅದರಲ್ಲಿ ಪ್ರತಿ ಊರಿಗೂ ಕನ್ನಡ ಹೆಸರು ಬರೆಯಲು ಪ್ರತ್ಯೇಕ ಖಾನೆ ಇದೆ, ಯಾರು ಬೇಕಾದರೂ ತುಂಬಬಹುದು. ಕಂಪ್ಯೂಟರ್ ಬಲ್ಲ ಹುಡುಗ ಹುಡುಗಿಯರು ಭಾನುವಾರ ಒಂದು ಗಂಟೆ ಕೂತು ನಿಮ್ಮ ತಾತನ ಊರು, ಅಜ್ಜಿಯ ಊರು, ಸುತ್ತಲ ಹತ್ತು ಹಳ್ಳಿಯ ಹೆಸರನ್ನು ಸರಿಯಾದ ಕನ್ನಡದಲ್ಲಿ ಬರೆಯಿರಿ. ಕಾಗುಣಿತ ಗೊತ್ತಿಲ್ಲದಿದ್ದರೆ ಊರಿನ ಹಿರಿಯರಿಗೆ ಫೋನ್ ಮಾಡಿ ಕೇಳಿ. ಆ ನೆಪದಲ್ಲಾದರೂ ಅವರ ಜೊತೆ ಮಾತಾಡಿದ ಹಾಗಾಗುತ್ತದೆ.

ಮೂರನೆಯದು, ಯಾವ ಊರಿಗೆ ಹೋದರೂ ಬಸ್ ನಿಲ್ದಾಣದಲ್ಲಿ, ಪ್ರವಾಸಿ ಕಚೇರಿಯಲ್ಲಿ, ಪುಸ್ತಕದಂಗಡಿಯಲ್ಲಿ ಒಂದೇ ಮಾತು ಕೇಳಿ: "ಕರ್ನಾಟಕದ ರಸ್ತೆ ನಕ್ಷೆ ಕನ್ನಡದಲ್ಲಿ ಕೊಡಿ." ಇಲ್ಲ ಅಂದರೆ ನಗುನಗುತ್ತಾ ಇನ್ನೊಂದು ಸಲ ಕೇಳಿ. ಜಗಳ ಬೇಡ, ಗಾಜು ಒಡೆಯುವುದು ಬೇಡ. "ಕನ್ನಡದಲ್ಲಿ ಯಾರೂ ಕೇಳೋದಿಲ್ಲ" ಎಂಬ ಮಾತು ಆ ಕಿಟಕಿಯ ಹಿಂದಿನಿಂದ ಇನ್ನೊಮ್ಮೆ ಬರಬಾರದು, ಅಷ್ಟೇ.

ಈ ಪತ್ರಿಕೆ ಓದಿ ಮುಗಿಸಿದವರು ಮಡಚಿ ಎಸೆಯಬೇಡಿ, ಪಕ್ಕದವರಿಗೆ ಕೊಡಿ. ನಿಮ್ಮ ಅರ್ಜಿಗೆ ಬಂದ ಉತ್ತರದ ಒಂದು ಪ್ರತಿಯನ್ನು ನಮ್ಮ ಪತ್ರಿಕೆಗೆ ಕಳಿಸಿ. ಯಾವ ಕಚೇರಿ ಏನು ಹೇಳಿತು ಎಂದು ಒಂದಕ್ಷರ ಬಿಡದೆ ಅಚ್ಚು ಹಾಕೋಣ.

ಸಿರಿಗನ್ನಡಂ ಗೆಲ್ಗೆ!